ಸಹಾಯ ಬೇಕು: ನಾಯಿ ಕಡಿತದ ಇಮ್ಯುನೋಗ್ಲಾಬ್ಯುಲಿನ್ ದಾವಣಗೆರೆಯಲ್ಲಿ ಎಲ್ಲಿ?

ನಮಸ್ಕಾರ. ನಮ್ಮದು ಚನ್ನಗಿರಿ ಕಡೆಯ ಹಳ್ಳಿ. ನಿನ್ನೆ ಸಂಜೆ ಅಡಿಕೆ ತೋಟದಿಂದ ಬರುವಾಗ ಅಕ್ಕನ ಮಗನಿಗೆ ಬೀದಿನಾಯಿ ಕಚ್ಚಿದೆ. ಹುಡುಗನಿಗೆ 8 ವರ್ಷ. ಬರೀ ತರಚಿದ್ದಲ್ಲ, ಮೀನಖಂಡದಲ್ಲಿ ಹಲ್ಲು ಆಳಕ್ಕೆ ಇಳಿದು ರಕ್ತ ಬಂದಿದೆ. ಸುಣ್ಣ, ಅರಿಶಿನ ಹಚ್ಚಿ ಅಂದವರ ಮಾತು ಕೇಳಲಿಲ್ಲ. ನಲ್ಲಿ ಕೆಳಗೆ ಹಿಡಿದು ಸೋಪು ಹಾಕಿ 15 ನಿಮಿಷ ತೊಳೆದೆವು. ಅವನು ಕಿರುಚಿದರೂ ಬಿಡಲಿಲ್ಲ.

ಹತ್ತಿರದ ಆರೋಗ್ಯ ಕೇಂದ್ರದಲ್ಲಿ ರೇಬೀಸ್ ಲಸಿಕೆಯ ಮೊದಲ ಡೋಸ್ ಹಾಕಿದ್ದಾರೆ. ಮುಂದಿನವು 3, 7, 28ನೇ ದಿನ ಅಂತ ಚೀಟಿಯಲ್ಲಿದೆ. ಆದರೆ ರಕ್ತ ಬಂದ ಗಾಯಕ್ಕೆ ಲಸಿಕೆಯೊಂದೇ ಸಾಲದು, ಗಾಯದ ಸುತ್ತ ಕೊಡುವ ಇಮ್ಯುನೋಗ್ಲಾಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಕೂಡ ಬೇಕು, ಅದು ಇಲ್ಲಿ ಸ್ಟಾಕ್ ಇಲ್ಲ ಅಂದರು. ಮೊದಲ ಡೋಸ್ ಆಗಿ 7 ದಿನದೊಳಗೆ ಕೊಡಬೇಕು, ಆದಷ್ಟು ಬೇಗ ಕೊಟ್ಟರೆ ಒಳ್ಳೆಯದಂತೆ. ಊರಿನ ಮೆಡಿಕಲ್ ಶಾಪ್‌ಗಳಲ್ಲೂ ಸಿಗಲಿಲ್ಲ. ಮನೆಯಲ್ಲಿ ಎಲ್ಲರಿಗೂ ತುಂಬಾ ಭಯ ಆಗಿದೆ.

ಇವತ್ತೇ ದಾವಣಗೆರೆಗೆ ಹೊರಟಿದ್ದೇವೆ. ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಓಪಿಡಿ ಚೀಟಿ ಮಾಡಿಸಿ ಕಾಯಬೇಕಾ, ನೇರ ತುರ್ತು ವಿಭಾಗಕ್ಕೆ ಹೋಗಬಹುದಾ? ಇಲ್ಲಿನ ಡಾಕ್ಟರ ಪತ್ರ ಬೇಕಾ? ಅಲ್ಲೂ ಸ್ಟಾಕ್ ಇಲ್ಲ ಅಂದರೆ ಬೇರೆ ಎಲ್ಲಿ ಕೇಳಬೇಕು? ಇತ್ತೀಚೆಗೆ ಹಾಕಿಸಿದವರು ಇದ್ದರೆ ದಯವಿಟ್ಟು ಬೇಗ ತಿಳಿಸಿ.