ಗುಬ್ಬಿ ರಸ್ತೆಯ ಹೊಸ ಬಡಾವಣೆಯಲ್ಲಿ ನಿವೇಶನವಿದೆ: ಈಗಲೇ ಮನೆ ಕಟ್ಟಬಹುದೇ?

ಪ್ರಶ್ನೆ – ಶಿರಾಗೇಟ್ ಬಾಡಿಗೆದಾರ

ಎಲ್ಲರಿಗೂ ನಮಸ್ಕಾರ. ತುಮಕೂರಿನ ಗುಬ್ಬಿ ರಸ್ತೆಯಲ್ಲಿ, ಮಲ್ಲಸಂದ್ರದ ಆಚೆ, ಒಂದು ಹೊಸ ಬಡಾವಣೆಯಲ್ಲಿ 30×40 ಅಡಿಯ ನಿವೇಶನ ಕೊಂಡಿದ್ದೇವೆ. ನಾನು ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೇನೆ. ಸದ್ಯಕ್ಕೆ ಶಿರಾಗೇಟ್ ಬಳಿ ಬಾಡಿಗೆ ಮನೆ. 2023ರ ಫೆಬ್ರುವರಿಯಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಮೇಲೆ ಆ ದಿಕ್ಕಿನಲ್ಲಿ ಎಲ್ಲಿ ನೋಡಿದರೂ ಕಲ್ಲು ನೆಟ್ಟ ಹೊಲಗಳೇ ಕಾಣುತ್ತವೆ.

ನಮ್ಮ ಬಡಾವಣೆಯಲ್ಲಿ ರಸ್ತೆ, ಚರಂಡಿ, ವಿದ್ಯುತ್ ಕಂಬ ಎಲ್ಲವೂ ಇವೆ. ಮನೆಗಳು ಮಾತ್ರ ಬೆರಳೆಣಿಕೆಯಷ್ಟು. ಸಂಜೆಯಾದರೆ ಒಂದು ಕಂಬದಲ್ಲೂ ದೀಪವಿರುವುದಿಲ್ಲ. ಅಮ್ಮನಿಗೆ ಅಲ್ಲಿಗೆ ಹೋಗಲು ಭಯ. ನಾನು ಪಾಳಿ ಕೆಲಸಕ್ಕೆ ಹೋದಾಗ ಹೆಂಡತಿ ಮತ್ತು ಮಗು ಒಂಟಿಯಾಗುತ್ತಾರೆ ಎನ್ನುವುದು ಅವರ ಚಿಂತೆ. ಹೀಗೆ ಬಯಲಿನಂಥ ಜಾಗಕ್ಕೆ ಮೊದಲೇ ಹೋಗಿ ನೆಲೆಸಿದವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ. ಮೊದಲ ವರ್ಷಗಳು ಹೇಗಿರುತ್ತವೆ? ನೀರು, ದೀಪ, ರಸ್ತೆಗೆ ಯಾರನ್ನು ಕೇಳಬೇಕು?

ಉತ್ತರ – ಗೂಳೂರು ದಾರಿಯ ಟೀಚರ್

ನಿಮ್ಮ ತಾಯಿಯವರ ಭಯಕ್ಕೆ ಕಾರಣವಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕುಣಿಗಲ್ ರಸ್ತೆಯಲ್ಲಿ ಗೂಳೂರಿಗೆ ಮುಂಚೆ ಒಳಕ್ಕೆ ತಿರುಗುವ ಬಡಾವಣೆಯಲ್ಲಿ ನಾವು ಮನೆ ಕಟ್ಟಿದಾಗ ನಾನಿನ್ನೂ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಸುತ್ತಲೂ ರಾಗಿ ಹೊಲ, ಅಕ್ಕಡಿ ಸಾಲಿನಲ್ಲಿ ಅವರೆ, ಬದುವಿನ ಮೇಲೆ ಹುಣಸೆ ಮರ. ರಾತ್ರಿ ಬೆಳಕು ಕಾಣುತ್ತಿದ್ದದ್ದು ಕಟ್ಟಡದ ಕೆಲಸಕ್ಕೆಂದು ರಾಯಚೂರಿನ ಕಡೆಯಿಂದ ಬಂದು ತಗಡಿನ ಶೆಡ್ಡಿನಲ್ಲಿದ್ದ ಒಂದು ಸಂಸಾರದಲ್ಲಿ ಮಾತ್ರ. ನಮ್ಮ ಬಡಾವಣೆಯ ಮೊದಲ ನಿವಾಸಿಗಳು ಅವರೇ ಎಂದು ನಾನು ಇಂದಿಗೂ ಹೇಳುತ್ತೇನೆ. ಯಾರ ಮನೆಯ ಸಂಪು ತುಂಬಿ ಹರಿಯುತ್ತಿದೆ, ಯಾರ ಸಿಮೆಂಟಿನ ಮೇಲೆ ಮಳೆ ಬೀಳುತ್ತಿದೆ ಎಂದು ನೋಡಿಕೊಂಡವರು ಆ ದಂಪತಿ. ಮನೆ ಕಟ್ಟಿಸುವಾಗ ಅಂಥವರೊಡನೆ ಹೆಸರು ಹಿಡಿದು ಮಾತನಾಡಿ.

ನೀರಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಾವು ಅತಿ ಹೆಚ್ಚು ಬವಣೆಪಟ್ಟದ್ದು ಅದಕ್ಕಾಗಿ. ತುಮಕೂರು ನಗರಕ್ಕೆ ಹೇಮಾವತಿ ನೀರು ನಾಲೆಯಲ್ಲಿ ಬುಗುಡನಹಳ್ಳಿ ಕೆರೆಗೆ ಬಂದು ಅಲ್ಲಿಂದ ನಲ್ಲಿಗಳಿಗೆ ಹೋಗುತ್ತದೆ. ಪಾಲಿಕೆಯ ಗಡಿಯಾಚೆ ಇರುವ ನಮಗೆ ಬಡಾವಣೆಯವರು ಕೊರೆಸಿದ ಕೊಳವೆಬಾವಿಯೇ ಗತಿಯಾಗಿತ್ತು. ಮೊದಲ ಬೇಸಿಗೆಯಲ್ಲೇ ಮೋಟಾರು ಸುಟ್ಟಿತು. ಬಡಾವಣೆ ಮಾಡಿದವರು, ‘ಪಂಚಾಯಿತಿಗೆ ವಹಿಸಿಬಿಟ್ಟಿದ್ದೇವೆ’ ಎಂದರು. ಪಂಚಾಯಿತಿಯವರು, ‘ನಮಗಿನ್ನೂ ವಹಿಸಿಲ್ಲ’ ಎಂದರು. ಟ್ಯಾಂಕರಿನವನು ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಕೊನೆಗೆ ಮನೆ ಇದ್ದವರೂ ಖಾಲಿ ನಿವೇಶನ ಇದ್ದವರೂ ಸೇರಿ ಹಣ ಹಾಕಿ ಮೋಟಾರು ಮೇಲೆತ್ತಿಸಿದೆವು. ಪಕ್ಕದ ಹಳ್ಳಿಯ ನೀರುಗಂಟಿಯೇ ನಮಗೂ ಬೆಳಿಗ್ಗೆ ನೀರು ಬಿಡಲು ಒಪ್ಪಿದರು.

ಈ ಜಗ್ಗಾಟಕ್ಕೆ ಕಾರಣ ಕಾಗದದಲ್ಲಿರುತ್ತದೆ. ಅನುಮೋದಿತ ನಕ್ಷೆಯಲ್ಲಿ ರಸ್ತೆ, ಉದ್ಯಾನ ಮತ್ತು ನಾಗರಿಕ ಸೌಲಭ್ಯದ ಜಾಗ ಎಂದು ಬಿಟ್ಟಿರುವುದನ್ನು ಬಡಾವಣೆ ಮಾಡಿದವರು ಪರಿತ್ಯಾಜನಾ ಪತ್ರ ನೋಂದಾಯಿಸಿ ಸರ್ಕಾರಿ ಸಂಸ್ಥೆಗೆ ಉಚಿತವಾಗಿ ಬಿಟ್ಟುಕೊಡಬೇಕು. ಅದಾಗುವ ತನಕ ಆ ಜಾಗವನ್ನು ಯಾರೂ ತಮ್ಮದೆಂದು ಕಾಯುವುದಿಲ್ಲ. ನೀವು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ, ನಗರಾಭಿವೃದ್ಧಿ ಪ್ರಾಧಿಕಾರದಿಂದ ಅನುಮೋದಿತ ನಕ್ಷೆಯ ಪ್ರತಿ, ಪಂಚಾಯಿತಿಯಿಂದ ಹಸ್ತಾಂತರದ ಪತ್ರ ಕೇಳಿ. 30 ದಿನದೊಳಗೆ ಉತ್ತರಿಸಬೇಕೆಂದು ಕಾನೂನಿದೆ. ಪಾಯ ತೋಡುವುದಕ್ಕಿಂತ ಮುಂಚೆ ಈ ಎರಡು ಕಾಗದ ನಿಮ್ಮ ಕೈಯಲ್ಲಿರಲಿ. ನಮ್ಮಲ್ಲಿ ನಾಗರಿಕ ಸೌಲಭ್ಯದ ಜಾಗಕ್ಕೆ ಮೊದಲು ಒಡೆದ ಇಟ್ಟಿಗೆ ಬಂದು ಬಿತ್ತು, ಆಮೇಲೆ ಜಲ್ಲಿ ರಾಶಿ, ಆಮೇಲೊಂದು ದಿನ ತಂತಿ ಬೇಲಿ. ನಕ್ಷೆ ನಮ್ಮ ಬಳಿ ಇದ್ದದ್ದರಿಂದ ಬೇಲಿ ಕಿತ್ತಿಸಲು ಸಾಧ್ಯವಾಯಿತು.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯ. ಮನೆಗಳು ಸ್ವಲ್ಪ ಹೆಚ್ಚಾದ ಕೂಡಲೇ ನಮ್ಮವರಲ್ಲಿ ಕೆಲವರು ಗೇಟು ಹಾಕಿಸಿ ಕಾವಲುಗಾರನನ್ನಿಡೋಣ ಎಂದರು. ನಾನು ಖಡಾಖಂಡಿತವಾಗಿ ವಿರೋಧಿಸಿದೆ. ನಮ್ಮ ಮುಖ್ಯ ರಸ್ತೆ ಹಳ್ಳಿಯವರು ತಲೆತಲಾಂತರದಿಂದ ಕೆರೆಗೆ ದನ ಹೊಡೆದುಕೊಂಡು ಹೋಗುತ್ತಿದ್ದ ದಾರಿ. ಈಗ ನನ್ನ ಮನೆಯಿರುವ ಸರ್ವೆ ನಂಬರಿನಲ್ಲಿ ಬೆಳೆ ತೆಗೆದಿದ್ದ ಅಜ್ಜಿಯೊಬ್ಬರು ಮಾಗಿಯಲ್ಲಿ ಸೊಗಡಿನ ಅವರೆಕಾಯಿ ಹೊತ್ತು ನಮ್ಮ ಬೀದಿಗೇ ಬರುತ್ತಾರೆ. ಅವರು ಬರುವ ದಾರಿಗೆ ಗೇಟು ಹಾಕುವ ಹಕ್ಕು ನಮಗೆಲ್ಲಿಯದು? ಗೇಟು ಬರಲಿಲ್ಲ. ಗ್ರಾಮದೇವತೆಯ ಜಾತ್ರೆಗೆ ನಮ್ಮ ಬಡಾವಣೆಯಿಂದಲೂ ವಂತಿಗೆ ಹೋಯಿತು, ಹೆಂಗಸರು ಆರತಿ ಹೊತ್ತು ನಡೆದೆವು. ಮುಂದಿನ ಗ್ರಾಮಸಭೆಯಲ್ಲಿ ನಾವು ಬೀದಿದೀಪ ಕೇಳಿದಾಗ ಹಳ್ಳಿಯವರೂ ನಮ್ಮ ಪರವಾಗಿ ಎದ್ದು ನಿಂತರು. ಅಲ್ಲಿಯವರೆಗೆ ನಮ್ಮ ಅರ್ಜಿಗಳಿಗೆ ಲಿಖಿತ ಉತ್ತರ ಕೂಡ ಬಂದಿರಲಿಲ್ಲ. ಇವತ್ತು ಅದೇ ನಾಗರಿಕ ಸೌಲಭ್ಯದ ಜಾಗದಲ್ಲಿ ಅಂಗನವಾಡಿ ಇದೆ. ಹಳ್ಳಿಯ ಮಕ್ಕಳು, ಬಡಾವಣೆಯ ಮಕ್ಕಳು, ಶೆಡ್ಡಿನ ಮಕ್ಕಳು ಒಟ್ಟಿಗೇ ಕೂತು ಉಣ್ಣುತ್ತಾರೆ.

ಅಂಗಡಿ ತಾನಾಗಿ ಬರುತ್ತದೆ, ಅದಕ್ಕೆ ಚಿಂತಿಸಬೇಡಿ. ನಮ್ಮಲ್ಲಿ ಒಂದು ಮನೆಯ ಮುಂದಿನ ಕೋಣೆಯಲ್ಲಿ ಹಾಲಿನ ಪ್ಯಾಕೆಟ್, ಕರಿಬೇವು ಇಟ್ಟುಕೊಂಡು ಶುರುವಾದದ್ದು ಈಗ ದೊಡ್ಡ ದಿನಸಿ ಅಂಗಡಿಯಾಗಿದೆ.

ಕಟ್ಟಬೇಕೋ ಕಾಯಬೇಕೋ ಎಂದರೆ, ಒಬ್ಬರೇ ಹೋಗಬೇಡಿ. ನಿಮ್ಮ ಸಾಲಿನ ಇನ್ನಿಬ್ಬರು ಮಾಲೀಕರನ್ನು ಹುಡುಕಿ ಮೂರೂ ಮನೆಗೆ ಒಟ್ಟಿಗೆ ಗುದ್ದಲಿ ಪೂಜೆ ಮಾಡಿಸಿ. ಏಳು ಜನ ಸಿಕ್ಕರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನಿವಾಸಿಗಳ ಸಂಘ ಮಾಡಬಹುದು.

ಉತ್ತರ – ಸರಪಳಿ ಹಿಡಿದವನು

ಟೀಚರ್ ಮೇಡಂ ಹೇಳಿದ್ದರ ಜೊತೆಗೆ ಇನ್ನೊಂದು. ನಾನು ಭೂಮಾಪನದ ಕೆಲಸದಲ್ಲಿರುವವನು. ಬಡಾವಣೆಯ ನಕ್ಷೆ ನೋಡಿದರೆ ಸಾಲದು, ಕಂದಾಯ ಇಲಾಖೆಯ ಗ್ರಾಮ ನಕ್ಷೆಯನ್ನೂ ನೋಡಿ. ಹಳ್ಳ, ಕಾಲುವೆ, ಬಂಡಿದಾರಿ ಅದರಲ್ಲಿ ಗುರುತಾಗಿರುತ್ತವೆ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ನಿವೇಶನದ ಮೇಲೆ ನಿಂತರೆ ಯಾವ ಸರ್ವೆ ನಂಬರ್ ಎಂದು ತೋರಿಸುತ್ತದೆ. 2022ರಲ್ಲಿ ಜಿಲ್ಲೆಯ ಕೆರೆಗಳು ಕೋಡಿ ಬಿದ್ದಾಗ, ಹಳ್ಳ ಮುಚ್ಚಿದ್ದ ಕಡೆ ಮನೆಯೊಳಗೇ ನೀರು ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಅನೇಕ ವರ್ಷ ಮಳೆಯಿಲ್ಲದೆ ಒಣಗಿದ ಹಳ್ಳವನ್ನು ಜನ ಮರೆಯುತ್ತಾರೆ, ನೀರು ಮಾತ್ರ ಹಳೆಯ ದಾರಿಯಲ್ಲೇ ಬರುತ್ತದೆ.

ಅದಕ್ಕಾಗಿ ಒಂದು ವಿಷಯದಲ್ಲಿ ಮೇಡಂ ಮಾತಿಗೆ ನನ್ನ ತಕರಾರಿದೆ. ಜೊತೆಗಾರರು ಸಿಕ್ಕರೂ ಅವಸರ ಬೇಡ. ಒಂದು ಮುಂಗಾರು ಕಾದು, ಜೋರು ಮಳೆಯ ಮರುದಿನ ಹೋಗಿ ನೀರು ಎಲ್ಲಿ ನಿಂತಿದೆ ಎಂದು ನೋಡಿ, ಆಮೇಲೆ ಪಾಯದ ಎತ್ತರ ತೀರ್ಮಾನಿಸಿ. ಮುಂದೆ ಡಾಂಬರು ಹಾಕಿದಾಗಲೆಲ್ಲ ರಸ್ತೆ ಏರುತ್ತದೆ ಎನ್ನುವುದೂ ಲೆಕ್ಕದಲ್ಲಿರಲಿ.

ಉತ್ತರ – ಕ್ಯಾತ್ಸಂದ್ರದಿಂದ

ನಿಮ್ಮ ಪತ್ನಿ ಹೊರಗೆ ಹೇಗೆ ಓಡಾಡುತ್ತಾರೆ ಎಂದು ಯಾರೂ ಕೇಳಲಿಲ್ಲ. ನಮ್ಮ ಬಡಾವಣೆಗೆ ಬಸ್ ಇರಲಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಮಹಿಳೆಯರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾದರೂ, ಮುಖ್ಯ ರಸ್ತೆಯ ತನಕ ಕತ್ತಲಲ್ಲಿ ನಡೆಯುವುದು ತಪ್ಪಲಿಲ್ಲ. ನಾವು ಹೆಂಗಸರೆಲ್ಲ ಸಹಿ ಹಾಕಿ ನಗರ ಸಾರಿಗೆಗೆ ಅರ್ಜಿ ಕೊಟ್ಟೆವು. ಅವರು ಮೊದಲು ಕೇಳಿದ್ದು ಬಸ್ ತಿರುಗಿಸಲು ಜಾಗವಿದೆಯೇ ಎಂದು. ಜಾಗ ತೋರಿಸಿದ ಮೇಲೆ ಬೆಳಿಗ್ಗೆ, ಸಂಜೆ ಬಸ್ ಬರತೊಡಗಿತು. ನಿಮ್ಮಲ್ಲಿಯೂ ಅಂಥ ಜಾಗ ಈಗಲೇ ನೋಡಿಟ್ಟುಕೊಳ್ಳಿ.

ಶಿರಾಗೇಟ್ ಬಾಡಿಗೆದಾರ

ಎಲ್ಲರಿಗೂ ತುಂಬಾ ಧನ್ಯವಾದಗಳು. ಮೇಡಂ, ನಮಗೆ ಪಂಚಾಯಿತಿಯಿಂದ ಇ-ಸ್ವತ್ತಿನ (ಆನ್‌ಲೈನ್ ಆಸ್ತಿ ದಾಖಲೆಯ) ನಮೂನೆ 9 ಮತ್ತು 11ಎ ಬಂದಿವೆ. ಅಷ್ಟಿದ್ದರೆ ರಸ್ತೆ, ಉದ್ಯಾನಗಳೂ ಸರಿಯಾಗಿವೆ ಎಂದು ತಿಳಿಯಬಹುದೇ? ಅಮ್ಮ ನಿಮ್ಮ ಉತ್ತರವನ್ನು ನನ್ನಿಂದ ಓದಿಸಿಕೊಂಡು ಕೇಳಿದರು.

ಗೂಳೂರು ದಾರಿಯ ಟೀಚರ್

ಕ್ರಮಬದ್ಧ ಆಸ್ತಿಗೆ ಕೊಡುವ 11ಎ ಇರುವುದು ಒಳ್ಳೆಯದು, ಕ್ರಮಬದ್ಧವಲ್ಲದ್ದಕ್ಕೆ ಕೊಡುವ 11ಬಿ ಆಗಿದ್ದರೆ ಚಿಂತಿಸಬೇಕಿತ್ತು. ಆದರೆ ಅದು ನಿಮ್ಮ ನಿವೇಶನದ ಮಟ್ಟಿಗೆ ಮಾತ್ರ. ಬಡಾವಣೆಯ ಮೂಲ ಸರ್ವೆ ನಂಬರಿಗೆ ಋಣಭಾರ ಪತ್ರ (ಆ ಜಮೀನಿನ ಮೇಲೆ ನೋಂದಣಿಯಾದ ಪತ್ರಗಳ ಪಟ್ಟಿ, ಇ.ಸಿ.) ತೆಗೆಸಿ, ಪರಿತ್ಯಾಜನಾ ಪತ್ರ ನೋಂದಣಿಯಾಗಿದ್ದರೆ ಅದರಲ್ಲಿ ಕಾಣಬೇಕು. ಕಾಣದಿದ್ದರೆ ಸಂಘದ ಮೊದಲ ಅರ್ಜಿ ಅದರ ಬಗ್ಗೆಯೇ ಇರಲಿ.

ಯಾವುದಾದರೂ ಭಾನುವಾರ ತಾಯಿಯವರನ್ನು ನಮ್ಮ ಬಡಾವಣೆಗೆ ಕರೆದುಕೊಂಡು ಬನ್ನಿ, ನಮ್ಮ ಹೆಂಗಸರೊಡನೆ ಮಾತನಾಡಲಿ. ಬರುವಾಗ ನಿಮ್ಮ ನಕ್ಷೆ ತನ್ನಿ, ಕೂತು ನೋಡೋಣ.