ಹಳೆ ರಷ್ಯನ್ ಒಡವೆಯ ಮುದ್ರೆ ಓದೋದು ಹೇಗೆ?

ಕೋಡಿಬಾಗ, ಕಾರವಾರ:
ಮನೆಯಲ್ಲಿ ಎರಡು ರಷ್ಯನ್ ಒಡವೆ ಇವೆ. ಒಂದು ದೊಡ್ಡ ಕೆಂಪು ಕಲ್ಲಿನ ಉಂಗುರ, ಒಳಗೆ ನಕ್ಷತ್ರ ಮತ್ತು 583. ಇನ್ನೊಂದು ನೀಲಿ ಎನಾಮಲ್ ಮೇಲೆ ಹಸಿರು ಹರಳಿರುವ ಬ್ರೂಚು, 56ರ ಪಕ್ಕ ಹೆಣ್ಣಿನ ತಲೆ, ಹಿಂದೆ ಕೆತ್ತಿದ ಹೆಸರು, ತಾರೀಖು. ಎರಡೂ ತ್ಸಾರ್ ಕಾಲದ್ದೇ? ಪೇಟೆಯಲ್ಲಿ ‘ಹದಿನಾಲ್ಕು ಕ್ಯಾರೆಟ್ಟು, ಕರಗಿಸಿ ಹೊಸದು ಮಾಡಿಸಿ’ ಅನ್ನುತ್ತಾರೆ.

ಒರೆಗಲ್ಲು, ಶಿರಸಿ:
ಕರಗಿಸಲೇಬೇಡಿ. ಬ್ರೂಚಿನ ಬೆಲೆ ಬಂಗಾರದ ತೂಕದಲ್ಲಿಲ್ಲ.

ಉಂಗುರ ತ್ಸಾರ್ ಕಾಲದ್ದಲ್ಲ. ಸುತ್ತಿಗೆ-ಕುಡುಗೋಲು ಇರುವ ನಕ್ಷತ್ರದ ಮುದ್ರೆ ಬಂದದ್ದು 1958ರಲ್ಲಿ. ಆ ಕಾಲದ ದೊಡ್ಡ ಕೆಂಪು ಕಲ್ಲು ಹೆಚ್ಚಾಗಿ ಕಾರ್ಖಾನೆಯ ಮಾಣಿಕ್ಯ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಲ್ಲಿ (ಅಕ್ಕಸಾಲಿಗರ ಭೂತಗನ್ನಡಿ) ಬಾಗಿದ ಗೆರೆ, ಗುಂಡಗಿನ ಗಾಳಿಗುಳ್ಳೆ ಕಂಡರೆ ಅದೇ ಅನ್ನಿ.

56 ಅಂದರೆ ರಷ್ಯದ ಹಳೆ ತೂಕವಾದ ಜೊಲೊತ್ನಿಕ್ ಲೆಕ್ಕ. ಅಪ್ಪಟ ಬಂಗಾರ 96, ಹಾಗಾಗಿ 56 ಅಂದರೆ ಸಾವಿರಕ್ಕೆ 583. ಬೆಳ್ಳಿಯಲ್ಲಿ 84 ಕಂಡರೆ 875. ಕಿರೀಟದಂಥ ಕೊಕೊಶ್ನಿಕ್ ತೊಟ್ಟ ತಲೆ ಎಡಕ್ಕೆ ತಿರುಗಿದ್ದರೆ 1899ರಿಂದ 1908, ಪಕ್ಕದಲ್ಲಿ ಪರೀಕ್ಷಕನ ಹೆಸರಿನ ಮೊದಲಕ್ಷರ ಇರುತ್ತದೆ: ಮಾಸ್ಕೋಗೆ ಇವಾನ್ ಲೆಬೆದ್ಕಿನ್, ಪೀಟರ್ಸ್‌ಬರ್ಗ್‌ಗೆ ಯಾಕೊವ್ ಲ್ಯಾಪುನೊವ್. ಬಲಕ್ಕೆ ತಿರುಗಿದ್ದರೆ 1908ರ ನಂತರದ್ದು, ಜೊತೆಗೆ ಗ್ರೀಕ್ ಅಕ್ಷರ: ಪೀಟರ್ಸ್‌ಬರ್ಗ್‌ಗೆ ಆಲ್ಫಾ, ಮಾಸ್ಕೋಗೆ ಡೆಲ್ಟಾ. ಎಡಕ್ಕೆ ತಿರುಗಿದ ತಲೆಯ ಜೊತೆ ಗ್ರೀಕ್ ಅಕ್ಷರ ಇದ್ದರೆ ನಕಲಿ ಅಂತ ಅನುಮಾನಿಸಿ. ಸುತ್ತಿಗೆ ಹಿಡಿದ ಕಾರ್ಮಿಕನ ತಲೆ 1927ರ ನಂತರದ್ದು, ಸವೆದರೆ ಅದೂ ಬಲಕ್ಕೆ ತಿರುಗಿದ ಹೆಣ್ಣಿನ ತಲೆಯೂ ಒಂದೇ ಥರ ಕಾಣುತ್ತವೆ. ಅಲ್ಲಿ ಸಂಖ್ಯೆ ನೋಡಿ ತೀರ್ಮಾನಿಸಿ: 56 ಇದ್ದರೆ ಹೆಣ್ಣಿನ ತಲೆ, 583 ಇದ್ದರೆ ಕಾರ್ಮಿಕನದು.

ಒತ್ತಿದ ಮುದ್ರೆಯ ಅಂಚು ಚೂಪಾಗಿರುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದ ನಕಲಿಯಲ್ಲಿ ಅಂಚು ಮೆತ್ತಗೆ, ಒಳಗೆ ಸೂಜಿಮೊನೆಯಷ್ಟು ಗುಳಿ.

ಹಾಲ್‌ಮಾರ್ಕ್ ಕೇಂದ್ರದಲ್ಲಿ ಎಕ್ಸ್‌ಆರ್‌ಎಫ್ (ಒಡವೆ ಕೆರೆಯದೆ ಎಕ್ಸ್‌-ರೇಯಿಂದ ಲೋಹದ ಶುದ್ಧತೆ ಅಳೆಯುವ) ಪರೀಕ್ಷೆ ಮಾತ್ರ ಕೇಳಿ, ಹೊಸ ಮುದ್ರೆ ಬೇಡವೇ ಬೇಡ. ಎರಡು ಮೂರು ಜಾಗದಲ್ಲಿ ಹಿಡಿಸಿ. ಬೆಸುಗೆಯ ಮೇಲೆ ಬಿದ್ದರೆ ಅಂಕಿ ಕೆಳಗೆ ಬರುತ್ತದೆ.

ಹರಳು, ಕುಮಟಾ:
ಹಸಿರು ಹರಳನ್ನು ಲೂಪಿನಲ್ಲಿ ನೋಡಿ. ಒಂದು ಬಿಂದುವಿನಿಂದ ಕುದುರೆ ಬಾಲದಂತೆ ಹರಡಿದ ಚಿನ್ನದ ಬಣ್ಣದ ಎಳೆಗಳಿದ್ದರೆ ಅದು ರಷ್ಯದ ಉರಾಲ್ ಸೀಮೆಯ ಡಿಮಾಂಟಾಯ್ಡ್ (ಹಸಿರು ಗಾರ್ನೆಟ್ ಹರಳು) ಆಗಿರುವ ಸಂಭವ ಬಲವಾಗಿದೆ. ಅಂಥ ಎಳೆ ಬೇರೆಡೆ ಕಳಂಕ, ಇಲ್ಲಿ ಅದೇ ಗುರುತು.

ಎನಾಮಲ್ ಗಾಜು. ಬೆಸುಗೆಯ ಬೆಂಕಿ ಹತ್ತಿರ ತಂದರೆ ಬಿರಿಯುತ್ತದೆ, ಅಲ್ಟ್ರಾಸಾನಿಕ್ ತೊಳೆಯುವ ಯಂತ್ರದಲ್ಲಿ ಚಕ್ಕೆ ಏಳುತ್ತದೆ. ಅಂಟುವಾಳದ ನೀರಲ್ಲಿ ಕುದಿಸುವುದು, ಆಸಿಡ್ ಎರಡೂ ಬೇಡ. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಮಗುವಿನ ಶಾಂಪೂ, ಮೆತ್ತನೆ ಕುಂಚ, ಬಟ್ಟೆಯಲ್ಲಿ ಒತ್ತಿ ಒರೆಸುವುದು, ಅಷ್ಟೇ. ಕಲ್ಲಿನ ಬೆನ್ನು ಮುಚ್ಚಿದ್ದರೆ ನೀರೂ ಬೇಡ, ಒಳಗಿನ ತಗಡು ಕಪ್ಪಾಗುತ್ತದೆ.

ಹಳೆ ಕಾಗದ, ಹೊನ್ನಾವರ:
ಮುದ್ರೆ ಕಾಲ ಹೇಳುತ್ತದೆ, ಒಡತಿಯನ್ನಲ್ಲ. ಅದಕ್ಕೆ ಕೆತ್ತನೆ ಬೇಕು. ಪಾಲಿಶ್ ಹಾಕಿಸಿದರೆ ಅದೇ ಮೊದಲು ಹೋಗುವುದು. ಓರೆ ಬೆಳಕಲ್ಲಿ ಫೋಟೊ ತೆಗೆದಿಡಿ, ಪೆಟ್ಟಿಗೆಯಿದ್ದರೆ ಮುಚ್ಚಳದ ಒಳಗಿನ ಅಚ್ಚನ್ನೂ ಸೇರಿಸಿ.

ವ್ಯಂಜನದಲ್ಲಿ ಮುಗಿಯುವ ಹೆಸರಿನ ತುದಿಗೆ ಉಚ್ಚಾರವಿಲ್ಲದ Ъ ಅಕ್ಷರ ಇದ್ದರೆ ಅದು 1918ಕ್ಕಿಂತ ಹಿಂದಿನ ಬರಹ, ಆದರೆ ದೇಶ ಬಿಟ್ಟುಹೋದ ರಷ್ಯನ್ನರು ಆಮೇಲೂ ಹಾಗೇ ಬರೆದರು. 1918ರ ಮೊದಲಿನ ತಾರೀಖು ಹಳೆ ಪಂಚಾಂಗದ್ದು: 19ನೇ ಶತಮಾನದ್ದಕ್ಕೆ 12 ದಿನ, 20ನೇ ಶತಮಾನದ್ದಕ್ಕೆ 13 ದಿನ ಸೇರಿಸಿ. ಮದುವೆ, ದೀಕ್ಷಾಸ್ನಾನ ಚರ್ಚಿನ ದಾಖಲೆ ಪುಸ್ತಕದಲ್ಲಿವೆ, ಅವು ಈಗ ಆಯಾ ಪ್ರಾಂತ್ಯದ ಸರ್ಕಾರಿ ಪತ್ರಾಗಾರದಲ್ಲಿ. ಊರು, ತಂದೆಯ ಹೆಸರು, ಧರ್ಮ ಮೂರೂ ಸಿಗದೆ ಹುಡುಕಾಟ ಮುಂದೆ ಹೋಗುವುದು ಕಷ್ಟ.

ವಿದೇಶದ ಹರಾಜಿಗೆ ಕಳಿಸುವ ಯೋಚನೆ ಇದ್ದರೆ ಕೈಬಿಡಿ. ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ಹೊರಗೆ ಒಯ್ಯುವಂತಿಲ್ಲ, 1972ರ ಪುರಾತನ ವಸ್ತು ಕಾಯ್ದೆ ಅಡ್ಡ ಬರುತ್ತದೆ.