ಅಪ್‌ಡೇಟ್: ‘ಇನ್‌ಸೈಡ್ ಔಟ್ 2’ ನೋಡಿದೆವು

ರೈಲಿ ಅನ್ನೋ ಹುಡುಗಿಯ ಮನಸ್ಸಿನೊಳಗಿನ ಭಾವನೆಗಳೇ ಪಾತ್ರಗಳಾಗಿರುವ ಅನಿಮೇಷನ್ ಚಿತ್ರ ‘ಇನ್‌ಸೈಡ್ ಔಟ್’ ಅಂದ್ರೆ ಮಗಳಿಗೆ ಪ್ರಾಣ, ಎರಡನೇ ಭಾಗ ಅದಕ್ಕೆ ಸಮ ಇದೆಯಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ವಿಜಯಪುರದ ಮನೆಯಲ್ಲಿ ಅಕ್ಕನ ಮಕ್ಕಳನ್ನೂ ಕೂರಿಸಿಕೊಂಡು ನೋಡಿದೆವು.

ಕಥೆ ಅಂತ ನೋಡಿದರೆ 2015ರ ಚಿತ್ರವೇ ಮೇಲು. ಅದರಲ್ಲಿ ರೈಲಿಯ ಬಾಲ್ಯದ ಕಾಲ್ಪನಿಕ ಗೆಳೆಯ ಬಿಂಗ್ ಬಾಂಗ್ ಮರೆವಿನ ಗುಂಡಿಯಲ್ಲಿ ಉಳಿದುಬಿಡುವ ದೃಶ್ಯದಷ್ಟು ಕರುಳು ಹಿಂಡುವಂಥದ್ದು ಇದರಲ್ಲಿಲ್ಲ. ದಾರಿಯೂ ಹಳೆಯದೇ: ಖುಷಿ ಮತ್ತೆ ಮನಸ್ಸಿನ ದೂರದ ಮೂಲೆಗೆ ಹೋಗಿ ವಾಪಸ್ ಬರಬೇಕು. ಹೊಸದಾಗಿ ಬಂದ ಅಸೂಯೆ, ಬೇಸರಕ್ಕೆ ಕೆಲಸವೇ ಕಡಿಮೆ.

ಆದರೆ ಆತಂಕದ ಪಾತ್ರ ಇದೆಯಲ್ಲ, ಅದೊಂದಕ್ಕೇ ಈ ಚಿತ್ರ ನೋಡಬೇಕು. 13ರ ರೈಲಿ ಹಾಕಿ ಆಟದ ಮಧ್ಯೆ ಉಸಿರು ಸಿಗದೆ ಒದ್ದಾಡುತ್ತಾಳೆ. ಒಳಗೆ ಆತಂಕ ಸುಂಟರಗಾಳಿಯ ಹಾಗೆ ಸುತ್ತುತ್ತಿರುತ್ತದೆ, ನಿಲ್ಲೋಕೆ ಅದಕ್ಕೇ ಆಗುತ್ತಿಲ್ಲ. ಅದನ್ನು ಕೆಟ್ಟದ್ದು ಅಂತ ತೋರಿಸದೆ, ರೈಲಿಯ ಒಳ್ಳೆಯದಕ್ಕೇ ಹೀಗೆ ಮಾಡಿದೆ ಅಂತ ತೋರಿಸಿರೋದು ನನಗೆ ತುಂಬಾ ಹಿಡಿಸಿತು. ಹತ್ತನೇ ಕ್ಲಾಸಿನ ಅಕ್ಕನ ಮಗಳು, “ಮಾಮಾ, ಪರೀಕ್ಷಾ ಬಂತಂದ್ರ ನನಗೂ ಹಿಂಗ ಆಗ್ತದ” ಅಂದಳು. ಮುಂಚೆ ಯಾರಿಗೂ ಹೇಳಿರಲಿಲ್ಲ.

ಮನೆಯಲ್ಲಿ ಹತ್ತು ದಾಟಿದ ಮಕ್ಕಳಿದ್ದರೆ ಖಂಡಿತ ತೋರಿಸಿ, ಜೊತೆಗೆ ನೀವೂ ಕೂತುಕೊಳ್ಳಿ. ಚಿಕ್ಕವರಿಗೆ ಸದ್ಯಕ್ಕೆ ಮೊದಲನೆಯದೇ ಸಾಕು.